ಸಿಲಿಂಡರ್ 42 ದಿನ ಬರ್ತಿತ್ತು, ಈಗ 28ಕ್ಕೇ ಖಾಲಿ. ಗ್ಯಾಸ್ ಎಲ್ಲಿ ಹೋಗ್ತಿದೆ?

ಕುಚ್ಚುಸೂಜಿ, ಮೈಸೂರು
ಆಗಸ್ಟ್ 6, 2025

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳೇಬಿಡೋಣ ಅಂತ ಕೂತಿದೀನಿ.

ನಮ್ಮನೆ ಅಡುಗೆಮನೆ ಬಾಗಿಲ ಹಿಂದೆ ಒಂಟಿಕೊಪ್ಪಲ್ ಕ್ಯಾಲೆಂಡರ್ ತಗುಲಿ ಹಾಕಿದೆ. ಹಾಲು ಬೇಡ ಅಂದ ದಿನ, ಚೀಟಿ ಕಟ್ಟೋ ದಿನ, ಅತ್ತೆ ಏಕಾದಶಿ, ಎಲ್ಲಾ ಅದರಲ್ಲೇ. ಹೊಸ ಸಿಲಿಂಡರ್ ಹಾಕಿದ ದಿನಕ್ಕೆ ಕೆಂಪು ಪೆನ್ನಲ್ಲಿ "ಸಿ" ಅಂತ ಬರೀತೀನಿ. ಈ ವರ್ಷದ್ದು ನೋಡಿ. ಫೆಬ್ರವರಿ 3ಕ್ಕೆ ಹಾಕಿದ್ದು ಮಾರ್ಚ್ 17ರ ತನಕ ಬಂತು, 42 ದಿನ. ಆಮೇಲಿಂದು ಏಪ್ರಿಲ್ 27ರ ತನಕ, 41. ಅದಾದ ಮೇಲಿಂದು ಜೂನ್ 8ಕ್ಕೆ ಮುಗೀತು, ಮತ್ತೆ 42. ಅಲ್ಲೀತನಕ ಸರಿ. ಜೂನ್ 8ರದ್ದು ಜುಲೈ 7ಕ್ಕೇ ಕೈ ಎತ್ತಿಬಿಡ್ತು. 29 ದಿನ! ಈ ಸಲ ಕಮ್ಮಿ ತುಂಬಿರಬೇಕು ಅಂದ್ಕೊಂಡು ಸುಮ್ಮನಾದೆ. ಜುಲೈ 7ರದ್ದು ಮೊನ್ನೆ ಸೋಮವಾರ ಬೆಳಗ್ಗೆ ಆರೂವರೆಗೆ, ಒಗ್ಗರಣೆಗೆ ಸಾಸಿವೆ ಹಾಕಿದ ಹೊತ್ತಿಗೆ ಉರಿ ಪುಸ್ ಅಂತು. 28 ದಿನ.

ಮನೇಲಿ ಐದು ಜನ. ಯಜಮಾನರು ಫ್ಯಾಕ್ಟರಿ ಶಿಫ್ಟು, ಮಗಳು ಎರಡನೇ ಪಿಯುಸಿ, ಮಗ ಎಂಟನೇ ಕ್ಲಾಸು, ಜೊತೆಗೆ ಅತ್ತೆ. ಅತ್ತೆ ಮೇ ತಿಂಗಳಲ್ಲಿ ಊರಿಂದ ಬಂದ್ರು. ಒಬ್ಬರು ಜಾಸ್ತಿ ಆದ್ರಲ್ಲ ಅಂತೀರೇನೋ. ಅವರು ತಿನ್ನೋದು ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಮಜ್ಜಿಗೆ ಅನ್ನ. ಅದಕ್ಕೆ ಹದಿನಾಲ್ಕು ದಿನದ ಗ್ಯಾಸ್ ಹೋಗುತ್ತಾ?

ನಾನೇನು ದುಂದು ಮಾಡೋಳಲ್ಲ. ಬೇಳೆ ನೆನೆಸಿಯೇ ಇಡೋದು. ಅನ್ನ, ಬೇಳೆ, ತರಕಾರಿ ಮೂರೂ ಒಂದೇ ಕುಕ್ಕರಲ್ಲಿ. ಮೊದಲನೇ ಸೀಟಿ ಆದಮೇಲೆ ಉರಿ ಸಣ್ಣ ಮಾಡ್ತೀನಿ. ಹಾಲು ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಆಚೆ ಇಟ್ಟೇ ಕಾಯಿಸೋದು. ರಸೀದೀಲಿ ಎಂಟುನೂರ ಐವತ್ತು ಚಿಲ್ಲರೆ ಇರುತ್ತೆ, ತರೋ ಹುಡುಗನಿಗೆ 900 ಕೊಡ್ತೀನಿ, ಅವನು ಚಿಲ್ಲರೆ ಇಲ್ಲ ಅಂತಾನೆ. (ಹತ್ತು ವರ್ಷದಿಂದ ಅವನ ಹತ್ರ ಚಿಲ್ಲರೆ ಇಲ್ಲ.)

ಯಜಮಾನರು ಏಜೆನ್ಸಿಯವರೇ ಗ್ಯಾಸ್ ತೆಗೀತಾರೆ ಅಂತಾರೆ. ಅತ್ತೆಗೆ ಮೊಮ್ಮಗಳ ಮೇಲೆ ಅನುಮಾನ, ಅವಳು ರಾತ್ರಿ ಓದ್ತಾ ಎರಡು ಸಲ ಕಾಫಿ ಬಿಸಿ ಮಾಡ್ಕೋತಾಳೆ ಅಂತ. ಈ ವಿಷಯಕ್ಕೆ ಮನೇಲಿ ಮೂರು ದಿನದಿಂದ ಮುಖ ಊದಿಸ್ಕೊಂಡಿದಾರೆ. ಯಾರಾದ್ರೂ ದಾರಿ ಹೇಳಿ.


ಖಡಕ್‌ರೊಟ್ಟಿ, ಬಾಗಲಕೋಟೆ
ಆಗಸ್ಟ್ 6

ಅಕ್ಕಾರ, ಮೊದಲ ಸೋರತೈತೇನು ನೋಡ್ರಿ. ಸೋಪಿನ ನೀರ ಮಾಡ್ಕೊಂಡು ರೆಗ್ಯುಲೇಟರ್ ಹತ್ರ, ಪೈಪಿನ ಎರಡೂ ತುದಿಗೆ ಹಚ್ಚ್ರಿ. ಗುಳ್ಳಿ ಎದ್ರ ಸೋರತೈತಿ ಅಂತ ಅರ್ಥ. ಕಡ್ಡಿ ಕೊರದು ನೋಡಾಕ ಹೋಗಬ್ಯಾಡ್ರಿ ಮತ್ತ, ನಮ್ಮ ಓಣಿಯಾಗ ಒಬ್ರು ಹಂಗ ನೋಡಿ ಹುಬ್ಬ ಸುಟ್ಕೊಂಡಾರ. ಪೈಪಿನ ಮ್ಯಾಲ ಇಸ್ವಿ ಬರದಿರತಾರ, ಐದು ವರ್ಷ ದಾಟಿದ್ರ ಬದಲ ಮಾಡ್ರಿ.

ಆಮ್ಯಾಲ ಉರಿ ಬಣ್ಣ ನೋಡ್ರಿ. ನೀಲಿ ಇದ್ರ ಚಲೋ. ಹಳದಿ ಬಂದು ಪಾತ್ರಿ ತಳ ಕರ್ರಗ ಆಗಾಕತ್ತಿದ್ರ ಬರ್ನರ್ ತೂತ ಕಟ್ಟ್ಯಾವ. ನಮ್ಮನ್ಯಾಗ ಬ್ಯಾಳಿ ಉಕ್ಕಿ ಉಕ್ಕಿ ಅರ್ಧ ತೂತ ಮುಚ್ಚಿದ್ದವು. ರಾತ್ರಿ ಬಿಸಿನೀರಾಗ ಹುಣಸಿಹಣ್ಣ ಹಾಕಿ ನೆನಿಯಾಕಿಟ್ಟು ಮುಂಜಾನೆ ಪಿನ್ನಿಲೆ ಚುಚ್ಚಿದೆ, ಹೊಸಾದ್ರಂಗ ಆತು.

ನಾವು ಜ್ವಾಳದ ರೊಟ್ಟಿ ಮಂದಿ. ಹಂಚು ಕಾಯೂದಕ್ಕ ಗ್ಯಾಸ್ ಭಾಳ ತಿಂತೈತಿ. ಅದಕ್ಕ ವಾರಕ್ಕ ಎರಡ ಸಲ ಹಂಚಿಟ್ಟು ಒಮ್ಮೆಗೇ ನಲವತ್ತ ರೊಟ್ಟಿ ಬಡದು ಖಡಕ್ ಮಾಡಿ ಇಡತೇನಿ. ನಿಮ್ಮ ಮುದ್ದಿಗೆ ಇದು ನಡ್ಯಾಂಗಿಲ್ಲ ಬಿಡ್ರಿ.


ಸಂಬಳಗಾರ, ಬೆಂಗಳೂರು
ಆಗಸ್ಟ್ 6

ಮೇಡಂ, ಊಹೆ ಯಾಕೆ? ತೂಕ ಹಾಕಿಸಿ. ಸಿಲಿಂಡರ್ ಕತ್ತಿನ ಹತ್ರ ಖಾಲಿ ತೂಕ ಬರೆದಿರ್ತಾರೆ, 15.4, 16.1, ಹೀಗೆ ಒಂದೊಂದರದ್ದು ಒಂದೊಂದು. ಅದಕ್ಕೆ 14.2 ಕೂಡಿಸಿ, ಅಷ್ಟು ತೂಗಬೇಕು. ಕೇಳಿದ್ರೆ ಮನೆ ಬಾಗಿಲಲ್ಲೇ ತೂಗಿ ತೋರಿಸಬೇಕು ಅಂತ ರೂಲ್ ಇದೆ, ಅವರ ಗಾಡೀಲಿ ತಕ್ಕಡಿ ಇರಬೇಕು. ನಾವು ಕೇಳಲ್ಲ, ಅವರು ತರಲ್ಲ. ಮನೆಗೆ ತಂದುಕೊಡೋ ಖರ್ಚೂ ಬಿಲ್ಲಲ್ಲೇ ಸೇರಿರುತ್ತೆ, ಆ 900 ಕೊಡೋದು ನಿಲ್ಲಿಸಿ.


ಕುಚ್ಚುಸೂಜಿ, ಮೈಸೂರು
ಆಗಸ್ಟ್ 7

ಬಾಗಲಕೋಟೆ ಅಕ್ಕಾ, ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆ ಇಲ್ಲ. ಪೈಪ್ ಹೋದ ವರ್ಷದ್ದು. ಬರ್ನರ್ ಮಾತ್ರ ನಿಮ್ಮ ಮಾತು ನಿಜ, ಚಿಕ್ಕದರಲ್ಲಿ ಏಳೆಂಟು ತೂತು ಕಟ್ಟಿತ್ತು. ಕುಚ್ಚು ಕಟ್ಟೋ ಸೂಜೀಲೇ ಬಿಡಿಸಿದೆ, ಸೂಜಿ ಮುರೀತು. ಆದ್ರೆ ದೊಡ್ಡ ಒಲೆ ಉರಿ ಮೊದಲಿಂದ್ಲೂ ನೀಲಿಯೇ.

ತೂಕದ ವಿಷಯ: ಎದುರುಮನೆ ಟೀಚರ್ ಹತ್ರ ಮೈ ತೂಕ ನೋಡೋ ಮಿಷನ್ ಇದೆ, ಇಸ್ಕೊಂಡು ಬಂದೆ. ಸಿಲಿಂಡರ್ ಮೇಲಿಟ್ರೆ ಅದು ಕೆಳಗಿನ ನಂಬರ್ ಮುಚ್ಚಿಬಿಡುತ್ತೆ. ಯಜಮಾನರು ಸಿಲಿಂಡರ್ ತಬ್ಬಿಕೊಂಡು ನಿಂತ್ರು, ನಾನು ಮೊಣಕಾಲೂರಿ ನಂಬರ್ ಓದಿದೆ. ಸೋಮವಾರ ಹಾಕಿದ್ದು, ಮೂರು ದಿನ ಉರಿಸಿದೀವಿ. ಖಾಲಿ ತೂಕ 15.6 ಅಂತ ಬರೆದಿದೆ. ಅವರದ್ದು ಕಳೆದ್ರೆ 28 ಕಿಲೋ 200 ಗ್ರಾಂ. ಅಂದ್ರೆ ತುಂಬಿದ್ದು ಸರಿಯಾಗೇ ತುಂಬಿದಾರೆ, ಖರ್ಚಾಗ್ತಿರೋದು ನಮ್ಮನೇಲೇ. ದಿನಕ್ಕೆ ಅರ್ಧ ಕಿಲೋಗಿಂತ ಜಾಸ್ತಿ!

ಯಜಮಾನರು ಏಜೆನ್ಸಿಯವರನ್ನ ಬಯ್ಯೋದು ನಿಲ್ಸಿದಾರೆ. ಈಗ ಎಲ್ರ ಕಣ್ಣೂ ಮಗಳ ಮೇಲೆ.


ಬಚ್ಚಲೊಲೆ, ಸಾಗರ
ಆಗಸ್ಟ್ 7

ಅಕ್ಕ, ಒಂದು ಪ್ರಶ್ನೆ. ಸ್ನಾನಕ್ಕೆ ನೀರು ಎಲ್ಲಿ ಕಾಯಿಸ್ತೀರಿ?

ಯಾಕೆ ಕೇಳಿದೆ ಅಂದ್ರೆ, ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲ ಹಂಡೆಯ ಒಲೆ ಆರಿಸೋದೇ ಇಲ್ಲ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಸೋಗೆ, ಏನು ಸಿಕ್ಕಿದ್ರೂ ಅದರ ಬಾಯಿಗೆ. ಅಡುಗೆಗೆ ಬೇಕಾಗೋ ಸೌದೆಗಿಂತ ಬಚ್ಚಲಿಗೆ ಬೇಕಾಗೋದು ಎರಡು ಪಾಲು ಅಂತ ನಮ್ಮ ಅಜ್ಜಿ ಯಾವಾಗ್ಲೂ ಹೇಳೋದು. ನಿಮ್ಮ ಲೆಕ್ಕ ತಪ್ಪಿದ್ದು ಜೂನ್ ಎಂಟರಿಂದ ಈಚೆಗೆ. ಮಳೆ ಹಿಡಿದದ್ದೂ ಆಗಲೇ ಅಲ್ವಾ?


ಕುಚ್ಚುಸೂಜಿ, ಮೈಸೂರು
ಆಗಸ್ಟ್ 7

ಅಯ್ಯೋ.

ಹೌದು, ಗ್ಯಾಸಲ್ಲೇ. ನಮಗೆ 15 ಲೀಟರ್ ಗೀಸರ್ ಇದೆ, ಏಪ್ರಿಲ್ ತನಕ ಅದನ್ನೇ ಹಾಕ್ತಿದ್ವಿ. ಆಗ ಆಗಿದ್ದು ಇಷ್ಟು. ಪಕ್ಕದ ಮನೆಯವರಿಗೆ ಮೇ ತಿಂಗಳಲ್ಲಿ 214 ಯೂನಿಟ್ ಆಗಿ ಗೃಹಜ್ಯೋತಿ ಸಿಗದೆ ಸಾವಿರದ ಏಳುನೂರು ಚಿಲ್ಲರೆ ಬಿಲ್ ಬಂತು. ಅವರು ಮನೆ ಮುಂದೆ ನಿಂತು ಆ ಬಿಲ್ ಓದ್ತಿದ್ದಾಗಲೇ ನಮ್ಮತ್ತೆ ಊರಿಂದ ಆಟೋ ಇಳಿದ್ರು. ಬಂದ ದಿನವೇ ಗೀಸರ್ ಸ್ವಿಚ್ಚಿಗೆ ಬಿಳೀ ಪ್ಲಾಸ್ಟರ್ ಅಂಟಿಸಿದ್ರು. "ಮನೇಲಿ ಒಂದು ತಲೆ ಜಾಸ್ತಿ ಆಯ್ತು, ಒಂದು ಯೂನಿಟ್ ಮೀರಿದ್ರೂ ಪೂರ್ತಿ ದುಡ್ಡು ಕಟ್ಟಬೇಕು" ಅಂತ. ನಾನೂ ಹೌದು ಅಂದ್ಕೊಂಡೆ. ಮೇನಲ್ಲಿ ಸೆಖೆ, ತಣ್ಣೀರೇ ಸಾಕಾಗ್ತಿತ್ತು. ಮಕ್ಕಳೂ ರಜೆಗೆ ನಮ್ಮಮ್ಮನ ಮನೇಲಿದ್ರು. ಜೂನಲ್ಲಿ ಮಳೆ ಶುರುವಾದ ಮೇಲೆ ದೊಡ್ಡ ಡಬರೀಲಿ ಕಾಯಿಸೋಕೆ ಶುರು ಮಾಡಿದ್ವಿ.

ಎಂಟು ಲೀಟರ್ ನೀರು ಹಿಡಿಯುತ್ತೆ ಡಬರಿ. ಕುದಿ ಬಂದಮೇಲೆ ಬಕೆಟ್ಟಿಗೆ ಅರ್ಧ ಸುರಿದು ತಣ್ಣೀರು ಬೆರೆಸಿದ್ರೆ ಇಬ್ಬರಿಗೆ ಆಗುತ್ತೆ. ದಿನಕ್ಕೆ ಎರಡು ಡಬರಿ. (ಮಗ ತಣ್ಣೀರಲ್ಲೇ ಮಾಡ್ತೀನಿ ಅಂತ ಒಳಗೆ ಹೋಗ್ತಾನೆ, ನೀರು ಬೀಳೋ ಶಬ್ದ ಮಾತ್ರ ಬರುತ್ತೆ.) ಒಂದು ಡಬರಿ ಕುದಿಯೋಕೆ ದೊಡ್ಡ ಒಲೇಲಿ 25 ನಿಮಿಷ. ಪಕ್ಕದಲ್ಲಿ ತಿಂಡಿ ಆಗ್ತಿರುತ್ತೆ, ಅದಕ್ಕೇ ನನಗೆ ಅದು ಲೆಕ್ಕಕ್ಕೇ ಬರಲಿಲ್ಲ. ಅಡುಗೆಗೆ ಇಷ್ಟು ಜುಗ್ಗತನ ಮಾಡೋಳು, ಸೀಟಿ ಎಣಿಸೋಳು, ಕಣ್ಣೆದುರಿಗಿರೋ ಡಬರಿ ನೋಡಲಿಲ್ಲ ನೋಡಿ.

ಆದ್ರೂ ಬರೀ ನೀರಿಗೆ ಅಷ್ಟೊಂದು ಗ್ಯಾಸ್ ಹೋಗುತ್ತಾ? ಗೊತ್ತಿರೋರು ಹೇಳಿ.


ಹಳೇಮೀಟರ್, ಮಂಡ್ಯ
ಆಗಸ್ಟ್ 8

ನೋಡಮ್ಮ, ನಾನು ವಿದ್ಯುತ್ ಇಲಾಖೇಲಿ ಮೂವತ್ತೊಂದು ವರ್ಷ ದುಡಿದು ಮನೇಲಿ ಕೂತಿರೋನು. ಲೆಕ್ಕ ಸುಲಭ, ಕ್ಯಾಲೆಂಡರಿನ ಹಿಂದೆ ಬರ್ಕೊ.

ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗೋಕೆ ಒಂದು ಕಿಲೋ ಕ್ಯಾಲರಿ ಬೇಕು. ಎರಡು ಡಬರಿ, 16 ಲೀಟರ್. ನಲ್ಲಿ ನೀರು 25 ಡಿಗ್ರಿ ಅಂದ್ರೆ ಕುದಿಯೋ ತನಕ 75 ಏರಬೇಕು. 1200 ಕಿಲೋ ಕ್ಯಾಲರಿ ಆಯ್ತು. ಒಂದು ಕಿಲೋ ಗ್ಯಾಸ್ ಉರಿದ್ರೆ ಸುಮಾರು 11,000 ಬರುತ್ತೆ, ಆದ್ರೆ ಪಾತ್ರೆ ಒಳಗೆ ಹೋಗೋದು ನೂರಕ್ಕೆ ಅರವತ್ತು, ಮಿಕ್ಕಿದ್ದು ನಿನ್ನ ಅಡುಗೆಮನೆ ಗೋಡೆಗೆ. ಹಂಗಾಗಿ ಕಿಲೋಗೆ 6600. ಭಾಗಿಸು: ದಿನಕ್ಕೆ 180 ಗ್ರಾಂ ಬರೀ ಸ್ನಾನದ ನೀರಿಗೆ. ಡಬರಿ ಮೇಲೆ ತಟ್ಟೆ ಮುಚ್ಚದಿದ್ರೆ ಇನ್ನೂ ಜಾಸ್ತಿ.

ಮೊದಲು ನಿನ್ನ ಸಿಲಿಂಡರ್ 42 ದಿನ ಬರ್ತಿತ್ತಲ್ಲ, ಅಂದ್ರೆ ದಿನಕ್ಕೆ ಅಡುಗೆಗೆ 340 ಗ್ರಾಂ. ಅದಕ್ಕೆ 180 ಕೂಡಿಸು, 520. ಹದಿನಾಲ್ಕು ಕಿಲೋ 200 ಗ್ರಾಮನ್ನ 520ರಿಂದ ಭಾಗಿಸಿದ್ರೆ ಇಪ್ಪತ್ತೇಳು ಚಿಲ್ಲರೆ. ನಿನ್ನ ಕ್ಯಾಲೆಂಡರ್ ಏನು ಹೇಳುತ್ತೆ? 28. ಕಳ್ಳ ಸಿಕ್ಕಿದ. ಮಗಳ ಕಾಫಿ ಲೋಟಕ್ಕೆ ಎರಡು ಮೂರು ಗ್ರಾಂ, ಇಪ್ಪತ್ತು ಪೈಸೆಯೂ ಆಗಲ್ಲ. ಓದೋ ಹುಡುಗಿ, ಕುಡೀಲಿ ಬಿಡು.

ಈಗ ಕರೆಂಟ್ ಲೆಕ್ಕ. ಅದೇ 1200 ಕಿಲೋ ಕ್ಯಾಲರಿಗೆ ಒಂದು ಯೂನಿಟ್ 860 ಕೊಡುತ್ತೆ, ನಷ್ಟ ಸೇರಿಸಿ ದಿನಕ್ಕೆ 1.6 ಯೂನಿಟ್. ತಿಂಗಳಿಗೆ 48. ದುಡ್ಡು ಕೊಟ್ಟು ತಗೊಂಡ್ರೆ ತೆರಿಗೆ ಗಿರಿಗೆ ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಇಟ್ಕೊ, 336. ಗ್ಯಾಸಲ್ಲಿ ತಿಂಗಳಿಗೆ ಐದು ಕಿಲೋ 400 ಗ್ರಾಂ, ನೀನು ಕೊಡೋ 900ರ ಲೆಕ್ಕದಲ್ಲಿ 340. ನೋಡು, ದುಡ್ಡು ಕೊಟ್ರೆ ಎರಡೂ ಒಂದೇ.

ಆದ್ರೆ ನಿನಗೆ ಕರೆಂಟ್ ಬಿಟ್ಟಿ ಇದ್ಯಲ್ಲಮ್ಮ! ನಿಮ್ಮತ್ತೆ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. 200 ದಾಟಿದ್ರೆ ಪೂರ್ತಿ ಕಟ್ಟಬೇಕು, ಪಕ್ಕದ ಮನೆಯವರಿಗೆ ಆಗಿದ್ದು ಅದು. 200ರ ಒಳಗೆ ಹಂಗಲ್ಲ. 2022-23ರಲ್ಲಿ ನೀವು ಸುಟ್ಟ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು, ಅಷ್ಟು ನಿಮ್ಮ ಮನೆಗೆ ಉಚಿತ. ಅದನ್ನ ಮೀರಿದ್ರೆ ಮೀರಿದಷ್ಟಕ್ಕೆ ಮಾತ್ರ ದುಡ್ಡು. ಬಿಲ್ ತೆಗೆದು ನೋಡು, ನಿನಗೆ ಎಷ್ಟು ಯೂನಿಟ್ ಅರ್ಹತೆ ಅಂತ ಅಚ್ಚು ಹಾಕಿರ್ತಾರೆ. ಎಷ್ಟಿದೆ, ಈಗ ಎಷ್ಟು ಸುಡ್ತಿದೀರಿ, ಎರಡೂ ಬರಿ.


ಕುಚ್ಚುಸೂಜಿ, ಮೈಸೂರು
ಆಗಸ್ಟ್ 8

ಸರ್, ನಾವು ಈ ಮನೇಲಿ 2021ರಿಂದ ಇದೀವಿ. ಸರಾಸರಿ 109, ಅರ್ಹತೆ 120 ಅಂತ ಇದೆ. ಹೋದ ತಿಂಗಳು ಸುಟ್ಟಿದ್ದು 71.

49 ಯೂನಿಟ್ ಹಾಗೇ ಬಿಟ್ಟು, ಆ ಕಡೆ ಗ್ಯಾಸ್ ಸುಡ್ತಾ ಕೂತಿದೀನಿ.


ಹಳೇಮೀಟರ್, ಮಂಡ್ಯ
ಆಗಸ್ಟ್ 8

71ಕ್ಕೆ 48 ಸೇರಿಸಿದ್ರೆ 119. ಅಂಚಿಗೆ ಬಂದು ನಿಲ್ಲುತ್ತೆ. ಐದಾರು ಯೂನಿಟ್ ಮೀರಿದ್ರೂ ನಲವತ್ತು ರೂಪಾಯಿ, ಹೆದರಬೇಡ. ಗೀಸರ್ ಹಾಕಿ ಮರೀಬೇಡಿ ಅಷ್ಟೇ. ಇಬ್ಬರು ಸಾಲಾಗಿ ಸ್ನಾನ ಮಾಡಿ, ಆಫ್ ಮಾಡಿ. ಇಡೀ ಬೆಳಗ್ಗೆ ಆನ್ ಇದ್ರೆ ನೀರು ಆರೋದು, ಅದು ಮತ್ತೆ ಕಾಯಿಸೋದು, ಅದೇ ಕೆಲಸ ಅದಕ್ಕೆ.


ಸಂಬಳಗಾರ, ಬೆಂಗಳೂರು
ಆಗಸ್ಟ್ 8

ತಪ್ಪು ತಿಳ್ಕೋಬೇಡಿ ಮೇಡಂ, ಇಷ್ಟೆಲ್ಲ ಕ್ಯಾಲರಿ ಲೆಕ್ಕ ಹಾಕಿ ಉಳಿಯೋದು ತಿಂಗಳಿಗೆ 340. ಇಷ್ಟು ತಲೆಬಿಸಿಗೆ ಬೆಲೆ ಇದೆಯಾ?


ಕುಚ್ಚುಸೂಜಿ, ಮೈಸೂರು
ಆಗಸ್ಟ್ 8

ಸರ್, ನಾನು ಸೀರೆಗೆ ಫಾಲ್ಸ್ ಹೊಲಿದ್ರೆ 60 ರೂಪಾಯಿ. ಸಾದಾ ಕುಚ್ಚಿಗೆ 150. ಸಾದಾ ಅಂದ್ರೂ ಸೆರಗಿನ ಎಳೆ ಬಿಡಿಸಿ, ಗಂಟು ಹಾಕಿ, ಒಂದೇ ಉದ್ದಕ್ಕೆ ಕತ್ತರಿಸೋಕೆ ಎರಡು ಮಧ್ಯಾಹ್ನ ಬೇಕು. ಕತ್ತು ಬಗ್ಗಿಸಿದ್ದು ಬಗ್ಗಿಸಿದ ಹಾಗೇ ಇರುತ್ತೆ. 340 ಅಂದ್ರೆ ನನಗೆ ಎರಡು ಸೀರೆಗಿಂತ ಜಾಸ್ತಿ, ನಾಲ್ಕೂವರೆ ಮಧ್ಯಾಹ್ನ. ಇವತ್ತು ತಲೆಬಿಸಿ ಆಗಿದ್ದು ಕಾಲು ಗಂಟೆ.

ಆ 900 ಕೊಡೋದು ನಿಲ್ಲಿಸಿ ಅಂದ್ರಲ್ಲ, ಅದು ಮಾತ್ರ ಆಗಲ್ಲ. ಆ ಹುಡುಗ ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ಕೊಂಡು ಬರ್ತಾನೆ. ಚಿಲ್ಲರೆ ಇಲ್ಲ ಅಂತ ಸುಳ್ಳು ಹೇಳ್ತಾನೆ ಅಂತಷ್ಟೇ ನನ್ನ ಸಿಟ್ಟು.


ಖಡಕ್‌ರೊಟ್ಟಿ, ಬಾಗಲಕೋಟೆ
ಆಗಸ್ಟ್ 9

ಅತ್ತಿಯಾರಿಗೆ ಹೆಂಗ ಹೇಳೋರು? ಅದನ್ನೂ ಬರೀರಿ. ನನಗ ಗ್ಯಾಸಿಗಿಂತ ಅದರದ ಚಿಂತಿ.


ಕುಚ್ಚುಸೂಜಿ, ಮೈಸೂರು
ಸೆಪ್ಟೆಂಬರ್ 4

ಒಂದು ತಿಂಗಳು ಆಯ್ತು, ಲೆಕ್ಕ ಒಪ್ಪಿಸೋಣ ಅಂತ ಬಂದೆ.

ಬಾಗಲಕೋಟೆ ಅಕ್ಕಾ, ಅತ್ತೆಗೆ ನೀವು ತಪ್ಪು ಮಾಡಿದ್ರಿ ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವರು ಟಿ. ನರಸೀಪುರದ ಕಡೆ ಹಳ್ಳೀಲಿ ಹನ್ನೊಂದು ಜನರ ಮನೆ ನಡೆಸಿದೋರು, ಒಂದು ಕಡ್ಡೀಲಿ ಒಲೆ, ದೀಪ ಎರಡೂ ಹಚ್ಚಿದೋರು. ಹಾಗಾಗಿ ಬಿಲ್ ಅವರ ಕೈಗೇ ಕೊಟ್ಟು ಓದಿ ಅಂದೆ. ಕನ್ನಡಕ ಹಾಕ್ಕೊಂಡು ಅರ್ಹತೆ 120 ಅನ್ನೋದನ್ನ ಎರಡು ಸಲ ಓದಿದ್ರು. ಆಮೇಲೆ ಬಳಕೆ 71 ಓದಿದ್ರು. ಸ್ವಲ್ಪ ಹೊತ್ತು ಬಿಟ್ಟು, "ಸರ್ಕಾರದೋರು ಕೊಡ್ತೀನಿ ಅಂದ್ರೂ ನೀವು ಯಾಕೆ ತಗೋತಿಲ್ಲ?" ಅಂತ ನನ್ನನ್ನೇ ಗದರಿಸಿದ್ರು. ಸ್ವಿಚ್ ಮೇಲಿನ ಪ್ಲಾಸ್ಟರ್ ಅವರೇ ಕಿತ್ತಿದ್ದು. ಅದು 9ನೇ ತಾರೀಕು, ಶನಿವಾರ.

ನಿನ್ನೆ ಬಿಲ್ ಬಂತು. 111 ಯೂನಿಟ್, ಕಟ್ಟಬೇಕಾದ್ದು ಸೊನ್ನೆ. ಮಧ್ಯದಲ್ಲಿ ಗೀಸರ್ ಶುರುವಾಗಿದ್ದಕ್ಕೆ ಇಷ್ಟು, ಮುಂದಿನ ತಿಂಗಳು ಮಂಡ್ಯ ಸರ್ ಹೇಳಿದ ಹಾಗೆ 119ರ ಅಂಚಿಗೆ ಬರಬಹುದು.

ಇವತ್ತು ಬೆಳಗ್ಗೆ ಟೀಚರ್ ಮನೆ ಮಿಷನ್ ಮತ್ತೆ ತಂದೆ. ಯಜಮಾನರು ಬರೀ ಮೈಯಲ್ಲಿ 65, ಸಿಲಿಂಡರ್ ಎತ್ಕೊಂಡು 83.4. ಅಂದ್ರೆ 18 ಕಿಲೋ 400 ಗ್ರಾಂ, ಖಾಲಿ ತೂಕ ಕಳೆದ್ರೆ 2 ಕಿಲೋ 800 ಗ್ರಾಂ ಇನ್ನೂ ಇದೆ. ಹೋದ ಸಲ 31ನೇ ದಿನಕ್ಕೆ ಬೇರೆ ಸಿಲಿಂಡರೇ ಉರೀತಿತ್ತು. ಇದು ಇನ್ನೂ ಎಂಟು ದಿನ ಬರುತ್ತೆ. ಮೊದಲ ಐದು ದಿನ ಡಬರಿ ಕಾಯಿಸಿದ್ದಕ್ಕೆ 42 ಮುಟ್ಟಲ್ಲ, ಆ ಬೇಜಾರು ಸ್ವಲ್ಪ ಇದೆ.

ಸಾಗರದ ಬಚ್ಚಲೊಲೆ ಅಣ್ಣಾ, ನೀವು ಕೇಳದೇ ಇದ್ದಿದ್ರೆ ನಾನು ಇನ್ನೂ ಬೇಳೆ ನೆನೆಸ್ತಾ ಕೂತಿರ್ತಿದ್ದೆ. ಡಬರಿ ಈಗ ಬಾಲ್ಕನೀಲಿ, ಮಳೆ ನೀರು ಹಿಡಿದು ತುಳಸಿಗೆ ಹಾಕ್ತೀನಿ.

ಮಗಳ ಹತ್ರ ಅತ್ತೆ ಏನೂ ಹೇಳಲಿಲ್ಲ. ಮೊನ್ನೆ ರಾತ್ರಿ ಹತ್ತೂವರೆಗೆ ಅವರೇ ಎದ್ದು ಅವಳಿಗೆ ಕಾಫಿ ಬಿಸಿ ಮಾಡಿಕೊಟ್ರು, ಲೋಟದ ತುಂಬ. ಆದ್ರೆ ಬೆಳಗ್ಗೆ ಆರು ಗಂಟೆಗೆ ಬಚ್ಚಲ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು, ಮಡಿಲಲ್ಲಿ ಟೈಂಪೀಸ್ ಇಟ್ಕೊಂಡು ಕೂತಿರ್ತಾರೆ. ಹದಿನೈದು ನಿಮಿಷ ಆಗ್ತಿದ್ದ ಹಾಗೆ, ಒಳಗಿರೋರು ತಲೆಗೆ ಸೀಗೆಪುಡಿ ಹಾಕ್ಕೊಂಡಿದ್ರೂ ಸರಿ, ಸ್ವಿಚ್ ಆಫ್.